ಸೈಕಲ್ ಸವಾರರ ಮಾಸ್ಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿಗಾಲ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗೇರು, ಚೈನು, ಪಂಕ್ಚರಿನ ಮಾತು ಕಡಿಮೆಯಾಗಿ ಹೊಗೆ, ಧೂಳು, ಕೆಮ್ಮಿನ ಮಾತು ಜಾಸ್ತಿಯಾಗುತ್ತದೆ. ಈ ಸಲ ಮಾಸ್ಕಿನ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಜಯನಗರದಿಂದ ಬೆಳ್ಳಂದೂರಿಗೆ ದಿನಾ ಸೈಕಲ್‌ನಲ್ಲಿ ಹೋಗಿಬರುತ್ತೇನೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಗಂಟಲು ಕೆರೆತ ಶುರುವಾಗಿರುತ್ತದೆ. ಸೈಕಲ್ ಸವಾರರಿಗೆಂದೇ ಮಾಡಿದ, ಕಾರ್ಬನ್ ಫಿಲ್ಟರ್ ಇರುವ ಕಪ್ಪು ಮಾಸ್ಕ್ ಆನ್‌ಲೈನ್‌ನಲ್ಲಿ ನೋಡಿದೆ. ಅದನ್ನೇ ಕೊಳ್ಳಬೇಕೋ, ಮೆಡಿಕಲ್ ಶಾಪಿನ ಎನ್95 ಸಾಕೋ?
— ಕೆ.ಎಸ್., ಜಯನಗರ

ಉತ್ತರ: ವಾಹನಗಳ ನಡುವೆ ನಿಮ್ಮ ಮೂಗಿಗೆ ಬರುವ ಕಾಟ ಎರಡು ಬಗೆಯದು. ಒಂದು ಕಣಗಳು: ರಸ್ತೆ ಧೂಳು, ಮೆಟ್ರೊ ಕಾಮಗಾರಿಯ ಮಣ್ಣು, ಟೈರು ಮತ್ತು ಬ್ರೇಕು ಸವೆದು ಬರುವ ಪುಡಿ, ಡೀಸೆಲ್ ಮಸಿ. ಇನ್ನೊಂದು ಅನಿಲಗಳು: ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಪೆಟ್ರೋಲಿನ ಆವಿ. ಎನ್95 ಹಿಡಿಯುವುದು ಕಣಗಳನ್ನು ಮಾತ್ರ. ಕಾರ್ಬನ್ ಪದರ ವಾಸನೆಯನ್ನೂ ಕೆಲವು ಆವಿಗಳನ್ನೂ ಹೀರಿಕೊಳ್ಳುತ್ತದೆ, ಆದರೆ ಮಾಸ್ಕಿನೊಳಗೆ ಕೂರಿಸುವಷ್ಟು ತೆಳು ಪದರ ಬೇಗ ತುಂಬಿಹೋಗುತ್ತದೆ. ಕಾರ್ಬನ್ ಮಾನಾಕ್ಸೈಡನ್ನಂತೂ ಅದು ತಡೆಯುವುದೇ ಇಲ್ಲ. ವಾಸನೆ ನಿಂತಿತು, ಹಾಗಾಗಿ ಗಾಳಿ ಶುದ್ಧವಾಯಿತು ಎಂದುಕೊಂಡು ಬಸ್ಸಿನ ಬಾಲ ಹಿಡಿದು ಹೋಗುವವರಿದ್ದಾರೆ. ಅದಕ್ಕೇ ಕಾರ್ಬನ್ ಎಂಬ ಹೆಸರಿಗೆ ದುಡ್ಡು ಹಾಕಬೇಡಿ ಎನ್ನುತ್ತೇವೆ.

ಎನ್95 ಎಂದರೆ, ನಿಮಿಷಕ್ಕೆ 85 ಲೀಟರ್ ವೇಗದಲ್ಲಿ ಗಾಳಿ ಎಳೆದಾಗ 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ನ್ನು ಆ ಬಟ್ಟೆ ಹಿಡಿಯಬೇಕು. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆಯುತ್ತೇವೆ, ಸಮತಟ್ಟಿನಲ್ಲಿ ಪೆಡಲ್ ತುಳಿಯುವಾಗ 30–40 ಲೀಟರ್, ಫ್ಲೈಓವರ್ ಹತ್ತುವಾಗ ಇನ್ನೂ ಜಾಸ್ತಿ. ಅಂದರೆ ಬಟ್ಟೆಗೆ ನಿಮ್ಮ ಉಸಿರು ಹೆಚ್ಚಾಗುವುದಿಲ್ಲ. ಕೈಕೊಡುವುದು ಅಂಚು. ಜೋರಾಗಿ ಉಸಿರೆಳೆದಾಗ ಗಾಳಿ ಸುಲಭದ ದಾರಿ ಹುಡುಕುತ್ತದೆ; ಮೂಗಿನ ಪಕ್ಕದಲ್ಲಿ ಸಣ್ಣ ಸಂದಿ ಸಿಕ್ಕರೂ ಸಾಕು, ಫಿಲ್ಟರನ್ನು ಬಿಟ್ಟು ಅಲ್ಲಿಂದಲೇ ನುಗ್ಗುತ್ತದೆ. ಸರ್ಜಿಕಲ್ ಮಾಸ್ಕು ಸೈಕಲ್ ಮೇಲೆ ಕೆಲಸಕ್ಕೆ ಬಾರದಿರುವುದು ಇದರಿಂದಲೇ. ಕರ್ಚೀಫಿನ ಮಾತು ಬೇಡ, ಅದು ದಪ್ಪ ಧೂಳಿಗಷ್ಟೇ.

ನಮ್ಮ ಆಯ್ಕೆ ಹೀಗಿದೆ. ತಲೆಯ ಸುತ್ತ ಹೋಗುವ ಎರಡು ಎಲಾಸ್ಟಿಕ್ ಪಟ್ಟಿ, ಉಸಿರು ಬಿಡುವ ವಾಲ್ವ್, ಮೂರು ಮಡಿಕೆ, ಇವಿಷ್ಟಿರುವ ಎನ್95 ಅಥವಾ ಹೆಚ್ಚುಕಡಿಮೆ ಅದಕ್ಕೆ ಸಮನಾದ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕು. ಕಿವಿಗೆ ಸಿಕ್ಕಿಸುವ ದಾರದ ಮಾಸ್ಕು ಕೆನ್ನೆಯ ಮೇಲೆ ಬಿಗಿಯಾಗಿ ಕೂರುವುದಿಲ್ಲ. ವಾಲ್ವ್ ಇದ್ದರೆ ಬಿಸಿ ಉಸಿರು, ತೇವ ಬೇಗ ಹೊರಹೋಗುತ್ತವೆ, ಬಟ್ಟೆ ಒದ್ದೆಯಾಗಿ ತುಟಿಗೆ ಅಂಟುವುದಿಲ್ಲ. ಕೋವಿಡ್ ಕಾಲದಲ್ಲಿ ವಾಲ್ವ್ ಬೇಡ ಎಂದದ್ದು ಎದುರಿಗಿರುವವರ ರಕ್ಷಣೆಗೆ. ನೀವು ಒಳಗೆಳೆಯುವ ಗಾಳಿ ಸೋಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ನೋಡಿದಂಥ, ನಿಯೋಪ್ರೀನ್ ಎಂಬ ರಬ್ಬರಿನ ಕಪ್ಪು ಮಾಸ್ಕು ನಮ್ಮೂರಿನ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಬೆವರಿನ ಚೀಲವಾಗುತ್ತದೆ. ಅದೇ ಬೇಕೆಂದರೆ ಫಿಲ್ಟರಿನ ದರ್ಜೆ ಅದರ ಮೇಲೆ ಅಚ್ಚಾಗಿದೆಯೇ, ಬದಲಿ ಫಿಲ್ಟರ್ ಇಲ್ಲೇ ಸಿಗುತ್ತದೆಯೇ ಎಂದು ಮೊದಲು ನೋಡಿ.

ಒಂದು ಗಂಟೆ ಮೀರಿ ತುಳಿಯುವವರು, ಕಾಣುವ ಅಂದದ ಚಿಂತೆ ಇಲ್ಲದವರು ಎಸ್‌ಜೆಪಿ ರಸ್ತೆಯ ಕಡೆ ಸೇಫ್ಟಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಲಿಕೋನ್‌ನ ಅರ್ಧಮುಖದ ಮಾಸ್ಕ್ ಕೇಳಬಹುದು. ಎರಡು ಕಡೆ ತಿರುಗಿಸಿ ಕೂರಿಸುವ ಪಿ100 ಡಿಸ್ಕು (ಎನ್95ಕ್ಕಿಂತ ಮೇಲಿನ ದರ್ಜೆಯ ಫಿಲ್ಟರ್) ಇರುತ್ತವೆ. ಮುಖಕ್ಕೆ ಇದರಷ್ಟು ಚೆನ್ನಾಗಿ ಕೂರುವುದು ಬೇರೊಂದಿಲ್ಲ. ಗದ್ದದ ಬಳಿ ಬೆವರು ನಿಲ್ಲುತ್ತದೆ, ಮಾತಾಡಿದರೆ ಎದುರಿನವರಿಗೆ ಕೇಳುವುದಿಲ್ಲ, ಅಷ್ಟೆ.

ಅನಿಲಕ್ಕೆ ಮಾಸ್ಕು ಮದ್ದಲ್ಲ, ದಾರಿ ಮದ್ದು. ಸಿಲ್ಕ್ ಬೋರ್ಡನ್ನು ಬಿಟ್ಟು ಕೋರಮಂಗಲದ ಒಳರಸ್ತೆಗಳಲ್ಲಿ ಬಂದು ಜಕ್ಕಸಂದ್ರದ ಮೇಲೆ ಅಗರ ಸೇರಿ. ಅಲ್ಲಿಂದ ಇಬ್ಬಲೂರಿನವರೆಗೆ ರಿಂಗ್ ರೋಡ್ ತಪ್ಪದಿರಬಹುದು, ಆದರೆ ದಾರಿಯ ಅತಿ ಕೆಟ್ಟ ಭಾಗ ತಪ್ಪಿತು. ಸಿಗ್ನಲ್‌ನಲ್ಲಿ ಲಾರಿ, ಬಸ್ಸುಗಳ ಹಿಂದೆ ನಿಲ್ಲಬೇಡಿ. ಜಾಗವಿದ್ದರೆ ಎಲ್ಲರಿಗಿಂತ ಮುಂದೆ, ಇಲ್ಲವಾದರೆ ಎರಡು ಗಾಡಿಯಷ್ಟು ಹಿಂದೆ ಎಡಕ್ಕೆ. ಅಂಡರ್‌ಪಾಸ್‌ನಲ್ಲಿ ಹೊಗೆ ಕಟ್ಟಿಕೊಂಡಿರುತ್ತದೆ, ಪಕ್ಕದ ಸರ್ವಿಸ್ ರಸ್ತೆ ಇದ್ದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: ಹೆಲ್ಮೆಟ್, ಕನ್ನಡಕ, ಮಾಸ್ಕ್ ಮೂರೂ ಒಟ್ಟಿಗೆ ಕೂರುವುದೇ ಇಲ್ಲ. ಕನ್ನಡಕದ ಮೇಲೆ ಮಂಜು ಬೇರೆ. ಹಿಂದೆ ತಿರುಗಿ ನೋಡಿದರೆ ಮಾಸ್ಕ್ ಓರೆಯಾಗುತ್ತದೆ. ಏನು ಮಾಡಲಿ?
— ಆರ್.ವಿ., ಮಲ್ಲೇಶ್ವರ

ಉತ್ತರ: ಹಾಕುವ ಕ್ರಮ ತಪ್ಪಿದರೆ ಈ ಮೂರೂ ತೊಂದರೆ ಬರುತ್ತವೆ. ಮೊದಲು ಮಾಸ್ಕ್, ಆಮೇಲೆ ಕನ್ನಡಕ, ಕೊನೆಗೆ ಹೆಲ್ಮೆಟ್.

ಮಾಸ್ಕನ್ನು ಗದ್ದದ ಕೆಳಗಿನಿಂದ ಕೂರಿಸಿ. ಕೆಳಗಿನ ಪಟ್ಟಿ ಕಿವಿಯ ಕೆಳಗೆ ಕತ್ತಿನ ಹಿಂದಕ್ಕೆ, ಮೇಲಿನದು ನೆತ್ತಿಯ ಹಿಂಭಾಗಕ್ಕೆ. ಎರಡೂ ಒಂದನ್ನೊಂದು ಅಡ್ಡ ಹಾಯಬಾರದು. ಮೂಗಿನ ಮೇಲಿನ ತಗಡಿನ ಪಟ್ಟಿಯನ್ನು ಒಂದೇ ಕೈಯಿಂದ ಚಿವುಟಿದರೆ ಮಧ್ಯದಲ್ಲಿ ಮೊನೆ ಎದ್ದು, ಎರಡು ಪಕ್ಕದಲ್ಲೂ ಸಂದಿ ಉಳಿಯುತ್ತದೆ. ಎರಡೂ ತೋರುಬೆರಳುಗಳನ್ನು ಮೂಗಿನ ಮಧ್ಯದಲ್ಲಿಟ್ಟು ಒತ್ತುತ್ತಾ ಕೆನ್ನೆಯ ಕಡೆಗೆ ಸರಿಸಿ. ಈಗ ಅಂಗೈಗಳಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರೆಳೆಯಿರಿ. ಮಾಸ್ಕು ಮುಖದ ಕಡೆಗೆ ಕುಗ್ಗಿದರೆ ಸರಿಯಾಗಿದೆ. ಕಣ್ಣಿನ ಹತ್ತಿರ ತಣ್ಣಗೆ ಗಾಳಿ ತಾಗಿದರೆ ಪಟ್ಟಿಯನ್ನು ಮತ್ತೆ ಒತ್ತಿ. ವಾಲ್ವ್ ಇಲ್ಲದ್ದಾದರೆ ಉಸಿರು ಬಿಟ್ಟೂ ನೋಡಿ. ಕನ್ನಡಕಕ್ಕೆ ಮಂಜು ಕವಿಯುವುದೂ ಇದೇ ಸಂದಿಯಿಂದ. ಮಂಜು ಕಂಡರೆ ಸೋರಿಕೆ ಇದೆ ಎಂದೇ ತಿಳಿಯಿರಿ, ಗಾಜಿಗೆ ಸೋಪು ಸವರಿ ಸುಮ್ಮನಾಗಬೇಡಿ.

ಓರೆಯಾಗುವುದು ಹೆಲ್ಮೆಟ್ಟಿನ ಗದ್ದದ ಪಟ್ಟಿಯಿಂದ. ಅದು ಮಾಸ್ಕಿನ ಅಂಚಿನ ಮೇಲೆ ಹಾದುಹೋಗಿದ್ದರೆ, ತಲೆ ತಿರುಗಿಸಿದಾಗಲೆಲ್ಲ ಅಂಚನ್ನು ಎಳೆಯುತ್ತದೆ. ಕಿವಿಯ ಕೆಳಗೆ ಎರಡು ಪಟ್ಟಿ ಸೇರುವ ಕ್ಲಿಪ್ಪನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬಕಲ್ಲು ಮಾಸ್ಕಿನ ಹಿಂದೆ ಗಂಟಲಿನ ಕಡೆ ಬೀಳುವಂತೆ ಮಾಡಿ. ಹಿಂಬದಿಯ ತಿರುಪು ಮೇಲಿನ ಎಲಾಸ್ಟಿಕ್ಕನ್ನು ಒತ್ತುತ್ತಿದ್ದರೆ ಎಲಾಸ್ಟಿಕ್ಕನ್ನು ಒಂದು ಬೆರಳಷ್ಟು ಮೇಲಕ್ಕೆ ತೆಗೆದುಕೊಳ್ಳಿ.

ಆಫೀಸಿಗೆ ಹೋದ ಮೇಲೆ ಮಾಸ್ಕ್ ಬಿಚ್ಚಿ ಒಳಮಗ್ಗುಲನ್ನು ಬೆಳಕಿಗೆ ಹಿಡಿದು ನೋಡಿ. ಹೊರಗೆ ಎಲ್ಲೆಡೆ ಒಂದೇ ಸಮ ಬೂದುಬಣ್ಣ, ಒಳಗೆ ಬಿಳಿ ಇದ್ದರೆ ಒಳ್ಳೆಯದು. ಮೂಗಿನ ಪಕ್ಕದ ಅಂಚಿನಿಂದ ಒಳಕ್ಕೆ ತೆಳ್ಳಗೆ ಕಪ್ಪು ಗೆರೆ ಎಳೆದಂತಿದ್ದರೆ, ಅಥವಾ ಕೆನ್ನೆಯ ಮೇಲೇ ಅಂಥ ಗೆರೆ ಇದ್ದರೆ, ಗಾಳಿ ಅಲ್ಲಿಂದಲೇ ನುಗ್ಗಿದೆ. ಬಿಗಿ ಮಾಡಬೇಕಾದ ಜಾಗ ಯಾವುದೆಂದು ಅದೇ ತೋರಿಸಿಕೊಡುತ್ತದೆ.

ಪ್ರಶ್ನೆ: ಎನ್95 ಒಗೆದು ಮತ್ತೆ ಬಳಸಬಹುದೇ? ಎಷ್ಟು ದಿನ ಬರುತ್ತದೆ?
— ಗೃಹಿಣಿ, ವಿಜಯನಗರ (ಮಗನ ಪರವಾಗಿ)

ಉತ್ತರ: ಒಗೆಯಲೇಬೇಡಿ. ಒಳಗಿರುವ ಪಾಲಿಪ್ರೊಪಿಲೀನ್ ಪದರದ ಎಳೆಗಳ ನಡುವಿನ ಸಂದಿ ಕಣಗಳಿಗಿಂತ ಎಷ್ಟೋ ದೊಡ್ಡದು. ಜರಡಿಯ ಹಾಗೆ ಸೋಸುವುದಕ್ಕಿಂತ ಹೆಚ್ಚಾಗಿ ಎಳೆಗಳಲ್ಲಿ ತುಂಬಿಟ್ಟಿರುವ ಸ್ಥಿರ ವಿದ್ಯುತ್ತು ಕಣಗಳನ್ನು ಸೆಳೆದು ಹಿಡಿಯುತ್ತದೆ. ಸೋಪಿನ ನೀರು, ಸ್ಯಾನಿಟೈಸರ್ ಸ್ಪ್ರೇ ತಾಗಿದರೆ ಆ ವಿದ್ಯುತ್ತು ಹೋಗುತ್ತದೆ. ಇಸ್ತ್ರಿ ಪೆಟ್ಟಿಗೆಯಂತೂ ಪದರವನ್ನೇ ಕರಗಿಸೀತು. ಮೋಸವೇನೆಂದರೆ, ಒಗೆದ ಮಾಸ್ಕು ನೋಡಲು ಹೊಸದರ ಹಾಗೇ ಇರುತ್ತದೆ, ಉಸಿರಾಟವೂ ಸಲೀಸು. ಹಿಡಿಯುವ ಶಕ್ತಿ ಮಾತ್ರ ಇರುವುದಿಲ್ಲ.

ಮೂರ್ನಾಲ್ಕು ಮಾಸ್ಕುಗಳನ್ನು ಸರದಿಯಲ್ಲಿ ಬಳಸಲಿ. ಬಳಸಿದ್ದನ್ನು ನೆರಳಿನಲ್ಲಿ ಗಾಳಿಗೆ ತೂಗುಹಾಕಿ, ಒಣಗಿದ ಮೇಲೆ ಪೇಪರ್ ಕವರಿನಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೆವರು ಒಳಗೇ ಉಳಿದು ಮುಗ್ಗುಲು ಹಿಡಿಯುತ್ತದೆ. ದಿನ ಲೆಕ್ಕ ಹಾಕುವುದಕ್ಕಿಂತ ಲಕ್ಷಣ ನೋಡುವುದು ವಾಸಿ: ಉಸಿರೆಳೆಯಲು ಮೊದಲಿಗಿಂತ ಕಷ್ಟವಾದರೆ, ಎಲಾಸ್ಟಿಕ್ ಸಡಿಲವಾದರೆ, ಮೂಗಿನ ಪಟ್ಟಿ ಮುರಿದರೆ, ವಾಲ್ವಿನ ರಬ್ಬರು ಹಾಳೆ ಮಡಚಿಕೊಂಡರೆ ಎಸೆಯಿರಿ. ಹೆಚ್ಚಿನ ಮಾಸ್ಕುಗಳಲ್ಲಿ ಫಿಲ್ಟರಿಗಿಂತ ಮೊದಲು ಸೋಲುವುದು ಎಲಾಸ್ಟಿಕ್ಕೇ. ಮಳೆಯಲ್ಲಿ ನೆನೆದ ಮಾಸ್ಕಿನಲ್ಲಿ ಉಸಿರು ಕಟ್ಟುತ್ತದೆ, ಬ್ಯಾಗಿನಲ್ಲಿ ಒಂದು ಬದಲಿ ಇರಲಿ. ಸಿಲಿಕೋನ್ ಮಾಸ್ಕಾದರೆ ಡಿಸ್ಕು ಬಿಚ್ಚಿಟ್ಟು ಮುಖದ ಭಾಗವನ್ನಷ್ಟೇ ಸೋಪಿನಲ್ಲಿ ತೊಳೆಯಬಹುದು.

ಪ್ರಶ್ನೆ: ಗಡ್ಡ ಇದ್ದರೆ ಮಾಸ್ಕ್ ಕೆಲಸ ಮಾಡುವುದಿಲ್ಲವಂತೆ, ಹೌದೇ?
— ಎಂ., ಫ್ರೇಜರ್ ಟೌನ್

ಉತ್ತರ: ಹೌದು. ಅಂಚು ಕೂರುವ ಜಾಗದಲ್ಲಿ ಕೂದಲಿದ್ದರೆ ಅಷ್ಟುದ್ದಕ್ಕೂ ಸೋರುತ್ತದೆ. ಮೀಸೆಯಾಗಲಿ ಪುಟ್ಟ ಗಡ್ಡವಾಗಲಿ ಅಂಚಿನೊಳಗೇ ಉಳಿಯುವಂತಿದ್ದರೆ ಪರವಾಗಿಲ್ಲ. ತುಂಬು ಗಡ್ಡ ತೆಗೆಯಲು ಮನಸ್ಸಿಲ್ಲವೆಂದರೆ ಮಾಸ್ಕಿಗಿಂತ ದಾರಿ, ಸಮಯಗಳ ಕಡೆ ಗಮನ ಕೊಡಿ.

ಪ್ರಶ್ನೆ: ಫುಟ್‌ಪಾತ್‌ನಲ್ಲೂ ಎನ್95 ಸಿಗುತ್ತದೆ. ಅಸಲಿ ಯಾವುದು ಎಂದು ಗೊತ್ತಾಗುವುದು ಹೇಗೆ?
— ಎನ್.ಜಿ., ಪೀಣ್ಯ

ಉತ್ತರ: ನಮ್ಮ ದೇಶದ ಮಾನದಂಡ ಐಎಸ್ 9473. ಮಾಸ್ಕಿನ ಮೇಲೆ ಐಎಸ್‌ಐ ಗುರುತು, ಎಫ್‌ಎಫ್‌ಪಿ2 ಎಂಬ ದರ್ಜೆ, ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಸ್ಥೆ ನಿಯೋಶ್ ಮಾನ್ಯ ಮಾಡಿದ ಎನ್95ರ ಮೇಲೆ ಟಿಸಿ-84ಎ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ನಿಯೋಶ್ ಎಂದು ಅಚ್ಚಾಗಿದ್ದೂ ಕಿವಿಗೆ ಸಿಕ್ಕಿಸುವ ದಾರವಿದ್ದರೆ ಅನುಮಾನ ಪಡಿ. ಕೆಎನ್95 ಚೀನಾದ ಮಾನದಂಡ, ಅದರಲ್ಲಿ ಹೆಚ್ಚಿನವಕ್ಕೆ ಕಿವಿಯ ದಾರವೇ. “ಪಿಎಂ 2.5 ಮಾಸ್ಕ್”, “ಆ್ಯಂಟಿ ಪೊಲ್ಯೂಷನ್” ಎಂದಷ್ಟೇ ಬರೆದಿದ್ದರೆ ಅದು ಯಾವ ದರ್ಜೆಯೂ ಅಲ್ಲ.

ಪ್ರಶ್ನೆ: ಮೊಬೈಲ್‌ನಲ್ಲಿ ಎಕ್ಯುಐ 80 ಎಂದು ತೋರಿಸುತ್ತದೆ, ರಸ್ತೆಯಲ್ಲಿ ನೋಡಿದರೆ ಹೊಗೆ. ಯಾವುದನ್ನು ನಂಬುವುದು? ಇಷ್ಟು ಹೊಗೆಯಲ್ಲಿ ಸೈಕಲ್ ತುಳಿಯುವುದೇ ತಪ್ಪು ಎನ್ನುತ್ತಾರೆ ಮನೆಯವರು.
— ಪಿ.ಕೆ., ಹೆಬ್ಬಾಳ

ಉತ್ತರ: ಎರಡೂ ನಿಜ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನ ಗಾಳಿ ಗುಣಮಟ್ಟ ಸೂಚ್ಯಂಕದಲ್ಲಿ (ಎಕ್ಯುಐ) ಕಣಗಳದ್ದು 24 ಗಂಟೆಯ ಸರಾಸರಿ. ಬೆಳಿಗ್ಗೆ ಒಂಬತ್ತರ ಹೆಬ್ಬಾಳ ಫ್ಲೈಓವರ್ ಅದರಲ್ಲಿ ಕಾಣುವುದಿಲ್ಲ. ಮಂಡಳಿಯ ಜಾಲತಾಣದಲ್ಲಿ ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ 5ನೇ ಬ್ಲಾಕ್, ಪೀಣ್ಯ ಮುಂತಾದ ಕೇಂದ್ರಗಳ ಗಂಟೆಗಂಟೆಯ ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳ) ಅಂಕಿ ಸಿಗುತ್ತದೆ. ಸೂಚ್ಯಂಕ ಬಿಟ್ಟು ಅದನ್ನು ನೋಡಿ. ಘನ ಮೀಟರಿಗೆ 30 ಮೈಕ್ರೋಗ್ರಾಂ ಒಳಗಿದ್ದರೆ ಒಳರಸ್ತೆಗಳಲ್ಲಿ ಮಾಸ್ಕ್ ಬೇಕಿಲ್ಲ. 60 ದಾಟಿದರೆ ದಾರಿಯುದ್ದಕ್ಕೂ ಹಾಕಿ. 90 ದಾಟಿದರೆ ನಿಧಾನವಾಗಿ ತುಳಿಯಿರಿ, ಹತ್ತಿರದ ದಾರಿ ಹಿಡಿಯಿರಿ. 120 ದಾಟಿದ ದಿನ, ದೀಪಾವಳಿಯ ಮರುದಿನ ಬೆಳಿಗ್ಗೆ ಹಾಗಾಗುವುದುಂಟು, ಬಸ್ಸು ಮೆಟ್ರೊ ಇದ್ದೇ ಇವೆ. 30ಕ್ಕೂ 60ಕ್ಕೂ ನಡುವೆ ನಿಮ್ಮ ಗಂಟಲು ಹೇಳಿದಂತೆ ಮಾಡಿ. ಸೂಚ್ಯಂಕದ ಮಟ್ಟಗಳನ್ನೇ ಹಿಡಿದು ನಾವು ಮಾಡಿಕೊಂಡ ಲೆಕ್ಕ ಇದು, ಸರ್ಕಾರದ ನಿಯಮವಲ್ಲ.

ಡಿಸೆಂಬರ್–ಜನವರಿಯ ಬೆಳಿಗ್ಗೆ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಬಿಸಿಲೇರಿದ ಮೇಲೆ ಚದುರುತ್ತದೆ. ಆದರೂ ಒಂಬತ್ತಕ್ಕಿಂತ ಏಳು ಗಂಟೆ ಮೇಲು, ಏಕೆಂದರೆ ಆಗ ನಿಮ್ಮ ಮುಖದೆದುರು ಸೈಲೆನ್ಸರುಗಳೇ ಕಡಿಮೆ. ಗುಡಿಸಿದ ಎಲೆ, ಕಸಕ್ಕೆ ಬೆಂಕಿ ಹಾಕುವ ಬೀದಿಯೊಂದು ನಿಮ್ಮ ದಾರಿಯಲ್ಲಿದ್ದರೆ ಅದನ್ನು ಬಿಟ್ಟುಬಿಡಿ.

ಮನೆಯವರಿಗೆ ಇದನ್ನು ಹೇಳಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ವ್ಯಾಯಾಮದ ಲಾಭವನ್ನೂ ಹೊಗೆಯ ನಷ್ಟವನ್ನೂ ತೂಗಿ ನೋಡಿದರು. ಪಿಎಂ 2.5ರ ಸರಾಸರಿ 100 ಮೈಕ್ರೋಗ್ರಾಂ ಇರುವ ಊರಿನಲ್ಲಿ ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ತುಳಿದರೆ ಮಾತ್ರ ನಷ್ಟ ಹೆಚ್ಚಾಗುತ್ತದೆ ಎಂದು ಅವರ ಲೆಕ್ಕ. ಬೆಂಗಳೂರಿನ ವರ್ಷದ ಸರಾಸರಿ ಅದಕ್ಕಿಂತ ಬಹಳ ಕೆಳಗಿದೆ. ಇದು ಆರೋಗ್ಯವಂತರ ಮಾತು.

ಪ್ರಶ್ನೆ: ನನಗೆ ಆಸ್ತಮಾ. ಜೊತೆಗೆ ಎರಡನೇ ಕ್ಲಾಸಿನ ಮಗನನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುತ್ತೇನೆ. ಇಬ್ಬರಿಗೂ ಎನ್95 ಹಾಕಬಹುದೇ?
— ಎಸ್., ಬಾಪೂಜಿನಗರ

ಉತ್ತರ: ನಿಮ್ಮದನ್ನು ಡಾಕ್ಟರನ್ನು ಕೇಳದೆ ಶುರುಮಾಡಬೇಡಿ ಮೇಡಂ. ಬಿಗಿ ಮಾಸ್ಕಿನಲ್ಲಿ ಉಸಿರೆಳೆಯಲು ಸ್ವಲ್ಪ ಹೆಚ್ಚು ಬಲ ಬೇಕು. ಅವರು ಒಪ್ಪಿದರೆ ಮೊದಲು ಮನೆಯಲ್ಲಿ ಕೂತು, ಆಮೇಲೆ ನಡೆದಾಡಿ, ಅದರಲ್ಲೂ ತೊಂದರೆಯಾಗದಿದ್ದರೆ ಮಾತ್ರ ಸೈಕಲ್ ಹತ್ತಿ. ಇನ್‌ಹೇಲರ್ ಬ್ಯಾಗಿನ ತಳದಲ್ಲಲ್ಲ, ಕೈಗೆ ಸಿಗುವ ಜೇಬಿನಲ್ಲಿರಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಮೊದಲು ಮಾಸ್ಕ್ ತೆಗೆಯಿರಿ.

ಮಗುವಿಗೆ ದೊಡ್ಡವರ ಎನ್95 ಬೇಡ. ಆ ಪುಟ್ಟ ಮುಖಕ್ಕೆ ಅದು ಕೂರುವುದಿಲ್ಲ, ಎಲಾಸ್ಟಿಕ್ಕಿಗೆ ಗಂಟು ಹಾಕಿ ಚಿಕ್ಕದು ಮಾಡಿದರೂ ಮೂಗಿನ ಪಕ್ಕ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಮೈಸೂರು ರಸ್ತೆಗೆ ಇಳಿಯದೆ ಒಳಬೀದಿಗಳಲ್ಲೇ ಶಾಲೆ ಮುಟ್ಟುವ ದಾರಿಯನ್ನು ಒಂದು ಭಾನುವಾರ ಹುಡುಕಿಟ್ಟುಕೊಳ್ಳಿ. ಐದು ನಿಮಿಷ ಹೆಚ್ಚಾದರೂ ಅದೇ ಇರಲಿ.