ಜೇಬಿನ ಚಾಕು, ಕುರಿಮರಿಯ ಕಾಲು: ನೀವು ಕೇಳಿದ್ದಕ್ಕೆ ಉತ್ತರ

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾಗುವ ಲ್ಯಾಂಬ್ಸ್‌ಫುಟ್ ಅನ್ನುವ ಮಡಚುವ ಚಾಕುವಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಆ ಊರಲ್ಲಿ ಕೆಲಸಕ್ಕಿದ್ದಾಗ ಹತ್ತಿದ ಪ್ರೀತಿ ಅದು, ಇನ್ನೂ ಬಿಟ್ಟಿಲ್ಲ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಲ್ಯಾಂಬ್ಸ್‌ಫುಟ್ ಅಂದ್ರೆ ಸರಿಯಾಗಿ ಏನು? ಚಿತ್ರ ನೋಡಿದರೆ ನಮ್ಮ ತೋಟದ ಕಸಿ ಚಾಕುವಿನ ಹಾಗೇ ಇದೆ. ಮೊನೆಯೇ ಇಲ್ಲದ ಚಾಕು ಯಾಕೆ ಬೇಕು?
– ಓದುಗರು, ಶಿರಸಿ

ಸರಿಯಾಗಿ ಗಮನಿಸಿದ್ದೀರಿ, ಎರಡೂ ಹತ್ತಿರದ ನೆಂಟರು. ಲ್ಯಾಂಬ್ಸ್‌ಫುಟ್ ಅಂದರೆ ಕುರಿಮರಿಯ ಕಾಲು. ಅಲಗಿನ ಬಾಯಿ ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಬೆನ್ನು ಹಿಡಿಯ ಕಡೆಯಿಂದ ತುದಿಯವರೆಗೆ ನಿಧಾನವಾಗಿ ಇಳಿದು, ಕೊನೆಗೆ ಸ್ವಲ್ಪ ಬಾಗಿ ಬಾಯಿಗೆ ಸೇರುತ್ತದೆ. ಇದರ ಅಣ್ಣನ ಹೆಸರು ಶೀಪ್ಸ್‌ಫುಟ್, ದೊಡ್ಡ ಕುರಿಯ ಕಾಲು. ಅದರಲ್ಲಿ ಬೆನ್ನು ಬಾಯಿಯ ಜೊತೆಗೇ ಸಮವಾಗಿ ಹೋಗಿ ತುದಿಯಲ್ಲಿ ಒಮ್ಮೆಲೇ ಕೆಳಗೆ ಬಾಗುತ್ತದೆ. ಅದಕ್ಕೇ ಮೂತಿ ಮೊಂಡು. ಲ್ಯಾಂಬ್ಸ್‌ಫುಟ್‌ನಲ್ಲಿ ತುದಿ ಸಪೂರ. ಚುಚ್ಚುವಷ್ಟು ಚೂಪಲ್ಲ, ಆದರೆ ಬೆರಳಿಗೆ ಹೊಕ್ಕ ಮುಳ್ಳಿನ ಸುತ್ತ ಚರ್ಮ ಬಿಡಿಸುವಷ್ಟು ನಾಜೂಕು ಉಂಟು.

ಮೊನೆ ಇಲ್ಲದಿರುವುದೇ ಇದರ ಗುಣ. ಕುರಿಯ ಗೊರಸು ಹೆರೆಯುವಾಗ ಅದು ಸುಮ್ನೆ ನಿಲ್ಲುತ್ತದಾ? ಒದೆಯುತ್ತದೆ, ಎಳೆದಾಡುತ್ತದೆ. ಆಗ ಕೈಯಲ್ಲಿ ಚೂಪು ಚಾಕು ಇದ್ದರೆ ಕುರಿಗೂ ಪೆಟ್ಟು, ನಿಮಗೂ ಪೆಟ್ಟು. ಕುರಿ ಸಾಕುವವರು, ತೋಟದವರು ಇದನ್ನು ಮೆಚ್ಚಿದ್ದು ಇಂಥ ಕೆಲಸಕ್ಕೇ. ನೇರ ಬಾಯಿಯಿಂದ ಇನ್ನೊಂದು ಲಾಭ ಇದೆ. ಹಗ್ಗವನ್ನು ಮಡಚಿ ಅದರೊಳಗೆ ಅಲಗು ತೂರಿಸಿ ಎಳೆದು ನೋಡಿ, ಹಿಡಿಯ ಬುಡದಿಂದ ತುದಿಯವರೆಗೆ ಇಡೀ ಬಾಯಿ ಕೆಲಸಕ್ಕೆ ಬರುತ್ತದೆ, ಹಗ್ಗ ಜಾರಿ ಹೊರಗೆ ಬರುವುದಿಲ್ಲ. ಸಾಣೆ ಹಿಡಿಯುವುದೂ ಸುಲಭ, ಚಪ್ಪಟೆ ಕಲ್ಲಿನ ಮೇಲೆ ನೇರ ಎಳೆದರೆ ಆಯಿತು. ಹೊಟ್ಟೆ ಉಬ್ಬಿದ ಅಲಗಿನ ಹಾಗೆ ಕೈ ತಿರುಗಿಸುವ ಕಷ್ಟ ಇಲ್ಲ. ಮೀನು, ಮಾಂಸ ಬಿಡಿಸೋಕೆ ಮಾತ್ರ ಇದು ಬೇಡ, ಅದಕ್ಕೆ ಬಾಗಿದ ಬಾಯಿಯೇ ಸರಿ.

ಕಸಿ ಚಾಕುಗಳಲ್ಲಿ ಎಷ್ಟೋ ಒಂದೇ ಮಗ್ಗುಲಿಗೆ ಮಸೆದವು. ಇದು ಎರಡೂ ಮಗ್ಗುಲಿಗೆ ಮಸೆದದ್ದು. ವ್ಯತ್ಯಾಸ ಅಷ್ಟೇ.

ಕೆಲಸಕ್ಕೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಚಾಕು ಕಾನೂನು ಬಿಗಿ ಅಂತಾರೆ. ಲ್ಯಾಂಬ್ಸ್‌ಫುಟ್ ಜೇಬಲ್ಲಿ ಇಟ್ಟುಕೊಂಡು ಓಡಾಡಬಹುದಾ?
– ಓದುಗರು, ಲೀಡ್ಸ್

ಇಟ್ಟುಕೊಳ್ಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಇದಕ್ಕೆ ಜಾಗ ಬಿಟ್ಟಿದೆ. ಚಾಕು ಮಡಚುವಂಥದ್ದಾಗಿರಬೇಕು, ಹರಿತದ ಭಾಗ 3 ಇಂಚು, ಅಂದರೆ 7.62 ಸೆಂಟಿಮೀಟರ್ ಮೀರಬಾರದು, ಮತ್ತು ಬಿಚ್ಚಿದ ಅಲಗು ಲಾಕ್ ಆಗಬಾರದು. ಈ ಕೊನೆಯ ಮಾತು ಮುಖ್ಯ. ಲಾಕ್ ಆಗುವ ಚಾಕು ಎಷ್ಟೇ ಚಿಕ್ಕದಿದ್ದರೂ ಅದನ್ನು ಮಡಚುವ ಜೇಬು ಚಾಕು ಅಂತ ಅಲ್ಲಿನ ಕೋರ್ಟು ಒಪ್ಪುವುದಿಲ್ಲ, ಅದನ್ನು ಹೊರಗೆ ಒಯ್ಯೋಕೆ ತಕ್ಕ ಕಾರಣ ತೋರಿಸಬೇಕು. ಲ್ಯಾಂಬ್ಸ್‌ಫುಟ್‌ನಲ್ಲಿ ಇರುವುದು ಬರೀ ಬೆನ್ನಿನ ಸ್ಪ್ರಿಂಗ್. ಅಲಗನ್ನು ಅದು ಬಿಗಿಯಾಗಿ ಹಿಡಿದಿರುತ್ತದೆಯೇ ಹೊರತು ಲಾಕ್ ಮಾಡುವುದಿಲ್ಲ, ಬೆರಳಿಂದ ಒತ್ತಿದರೆ ಮಡಚಿಕೊಳ್ಳುತ್ತದೆ. ಸಾಮಾನ್ಯವಾಗಿ ಅಲಗೂ 3 ಇಂಚಿನ ಒಳಗೇ ಇರುತ್ತದೆ. ಹಳೆಯ ದೊಡ್ಡ ಚಾಕು ಕೊಂಡರೆ ಮಾತ್ರ ಅಳೆದು ನೋಡಿ.

ಆದರೆ ಇದನ್ನೇ ಆಯುಧವಾಗಿ ಬಳಸುವ ಉದ್ದೇಶದಿಂದ ಇಟ್ಟುಕೊಂಡರೆ ಅಳತೆ ಎಷ್ಟೇ ಇರಲಿ, ಅಪರಾಧವೇ. "ಯಾಕೆ ಇದು?" ಅಂತ ಪೊಲೀಸರು ಕೇಳಿದರೆ "ಸೇಬು ಹೆಚ್ಚೋಕೆ, ಪಾರ್ಸೆಲ್ ಬಿಚ್ಚೋಕೆ" ಅನ್ನಿ. "ರಕ್ಷಣೆಗೆ" ಅಂದರೆ ಕೆಟ್ಟಿರಿ. ವಿಮಾನ ನಿಲ್ದಾಣಕ್ಕೆ, ಕೋರ್ಟಿಗೆ ಹೋಗುವ ದಿನ ಮನೆಯಲ್ಲೇ ಬಿಟ್ಟು ಹೋಗಿ. ರಾತ್ರಿ ಪಬ್‌ಗೆ ಹೋಗುವಾಗಲೂ ಬೇಡ ಅಂತಲೇ ನನ್ನ ಸಲಹೆ.

ಬೆಂಗಳೂರಲ್ಲಿ?
– ಇದೇ ಪ್ರಶ್ನೆ ಐದು ಜನರಿಂದ

ನಮ್ಮ ಆಯುಧ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಕಠಾರಿಗಳ ಜೊತೆ ಹೆಸರಿಸಿರುವ ಚಾಕು ಅಂದರೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವಂಥದ್ದು. ಅದರಲ್ಲೂ ಮನೆ ಬಳಕೆ, ಬೇಸಾಯದ ಚಾಕುಗಳಿಗೆ ವಿನಾಯಿತಿ ಇದೆ. ಲ್ಯಾಂಬ್ಸ್‌ಫುಟ್ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮೆಟ್ರೋ ತಪಾಸಣೆಯಲ್ಲಿ ಬ್ಯಾಗಿನೊಳಗೆ ಚಾಕು ಕಂಡರೆ ತಡೆಯುತ್ತಾರೆ, ಮಾಲ್‌ಗಳಲ್ಲೂ ಅಷ್ಟೇ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ವಿಮಾನಕ್ಕೆ ಹೋಗುವಾಗ ಚೆಕ್-ಇನ್ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿ ಬೇಡ.

ಅಳಿಯ ಶೆಫೀಲ್ಡ್‌ನಿಂದ ಹೊಸ ಚಾಕು ತಂದುಕೊಟ್ಟ. ಮೊದಲ ದಿನವೇ ಮಾವಿನಕಾಯಿ ಹೆಚ್ಚಿದೆ. ಅಲಗು ಕಪ್ಪಿಟ್ಟುಹೋಯಿತು! ಹಾಳು ಮಾಡಿದೆನಾ? ಅಳಿಯನಿಗೆ ತೋರಿಸೋಕೆ ಮುಖವಿಲ್ಲ.
– ಓದುಗರು, ಹಾವೇರಿ

ಧೈರ್ಯವಾಗಿ ತೋರಿಸಿ. ಏನೂ ಹಾಳಾಗಿಲ್ಲ, ಚಾಕು ಈಗ ನಿಮ್ಮದಾಗಿದೆ.

ಶೆಫೀಲ್ಡ್‌ನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಮಾಡಿದ್ದು 1913ರಲ್ಲಿ. ಆದರೂ ಅದೇ ಊರಲ್ಲಿ ಹಳೆಯ ಮಾದರಿಯ ಚಾಕುಗಳನ್ನು ಇವತ್ತಿಗೂ ಕಾರ್ಬನ್ ಉಕ್ಕಿನಲ್ಲಿ ಮಾಡುತ್ತಾರೆ. ಬೇಗ ಹರಿತವಾಗುತ್ತದೆ, ಕಲ್ಲಿಗೆ ಬೇಗ ಒಲಿಯುತ್ತದೆ ಅಂತ. ಈ ಉಕ್ಕಿಗೆ ಹುಳಿ, ಒಗರು ತಾಗಿದರೆ ಬಣ್ಣ ತಿರುಗುತ್ತದೆ. ನಿಮ್ಮ ಮನೆಯ ಹಳೆಯ ಅಡಕತ್ತರಿ ಕಪ್ಪಾಗಿರುತ್ತದಲ್ಲ, ಅದೇ ಸಂಗತಿ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ಲೆಕ್ಕ. ಈ ಬೂದು ಪದರ ಅಲಗನ್ನು ತುಕ್ಕಿನಿಂದ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಾವಿನಕಾಯಿ ತಾಗಿದ ಕಡೆ ಬೂದು, ಕೆಲವು ಕಡೆ ನವಿಲಿನ ಕತ್ತಿನ ನೀಲಿ ಕಾಣುತ್ತದೆ. ಆ ನೀಲಿ ನೋಡೋಕೆ ನಾನು ಬೇಕಂತಲೇ ಬೇಸಿಗೆಯಲ್ಲಿ ಚಾಕುಗಳಿಗೆ ಮಾವಿನಕಾಯಿ ತಿನ್ನಿಸುತ್ತೇನೆ. ಹೆದರಬೇಕಾದದ್ದು ಕೆಂಪಿಗೆ ಮಾತ್ರ. ಕೆಂಪು ಕಂಡರೆ ತುಕ್ಕು. ಅವತ್ತೇ ಎಣ್ಣೆ ಹಾಕಿ ಬಟ್ಟೆಯಿಂದ ತಿಕ್ಕಿ ತೆಗೆಯಿರಿ.

ಕೆಲಸ ಆದ ಕೂಡಲೇ ಒರೆಸಿ. ನೀರಲ್ಲಿ ನೆನೆಹಾಕಬೇಡಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಕೀಲಿಗೆ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗಿ ಕೂರುತ್ತದೆ. ಎಮ್ಮೆ ಕೊಂಬಿನ ಹಿಡಿಗೆ ಬೇಕಾದರೆ ತೆಳ್ಳಗೆ ಸವರಿ. ರಸ್ತೆಬದಿಯ ಸಾಣೆ ಚಕ್ರಕ್ಕಂತೂ ದಯವಿಟ್ಟು ಕೊಡಬೇಡಿ. ಚಕ್ರದ ಬಿಸಿಗೆ ತೆಳು ಬಾಯಿ ನೀಲಿಗಟ್ಟಿದರೆ ಅಲ್ಲಿ ಉಕ್ಕು ಮೆತ್ತಗಾಗಿದೆ ಅಂತ ಅರ್ಥ, ಆಮೇಲೆ ಹರಿತ ನಿಲ್ಲುವುದಿಲ್ಲ.

ಉಕ್ಕಿನ ಮಾತು ಬಂದಿದ್ದಕ್ಕೆ ಒಂದು ವಿಷಯ ಹೇಳಲೇಬೇಕು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕಾಯಿಸಿ ಮಾಡುತ್ತಿದ್ದ ಉಕ್ಕಿನ ತುಂಡುಗಳು ಲಂಡನ್ ತಲುಪಿದಾಗ, 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯರು ಅದರ ಬಗ್ಗೆ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. ಅಲ್ಲಿ ಅದರ ಹೆಸರು 'ವೂಟ್ಸ್'. ನಮ್ಮ 'ಉಕ್ಕು' ಪದವೇ ಹಾಗಾಯಿತು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮುಂದೆ ವಿಜ್ಞಾನಿ ಮೈಕಲ್ ಫ್ಯಾರಡೆ, ಜೇಮ್ಸ್ ಸ್ಟೊಡಾರ್ಟ್ ಅನ್ನುವ ಚಾಕು ಕುಶಲಕರ್ಮಿಯ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕೋಕೆ ಕೂತರು. ಶೆಫೀಲ್ಡ್‌ಗೆ ದೊಡ್ಡ ಹೆಸರು ಬಂದದ್ದೂ ಮೂಸೆಯಿಂದಲೇ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವರು ಒಳ್ಳೆ ಸ್ಪ್ರಿಂಗ್ ಬೇಕು ಅಂತ ಮೂಸೆಯಲ್ಲಿ ಉಕ್ಕು ಕರಗಿಸುವ ದಾರಿ ಕಂಡುಕೊಂಡರು. ಹಾವೇರಿಯಲ್ಲಿ ಕೂತು ಶೆಫೀಲ್ಡ್ ಚಾಕುವಿನಲ್ಲಿ ಮಾವಿನಕಾಯಿ ಹೆಚ್ಚುವಾಗ ಇದು ನೆನಪಿರಲಿ ಅಂತ ಹೇಳಿದೆ.

ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಇಂಥ ಚಾಕುಗಳು ಸಿಗುತ್ತವೆ. ಕೊಳ್ಳುವಾಗ ಏನು ನೋಡಬೇಕು?
– ಓದುಗರು, ಬರ್ಮಿಂಗ್‌ಹ್ಯಾಮ್

ಮೊದಲು ಅಲಗಿನ ಬುಡ ನೋಡಿ. ಕೀಲಿನ ಪಕ್ಕ ಸಾಣೆಕಲ್ಲು ಮುಟ್ಟದ ಚೂರು ಜಾಗ ಇರುತ್ತದೆ. ಅಲ್ಲಿಯ ಅಗಲವೇ ಅಲಗಿನ ಹುಟ್ಟು ಅಗಲ. ಅಲ್ಲಿಂದ ಬಾಯಿಗೆ ಬರುವಾಗ ಮೆಟ್ಟಿಲು ಇಳಿದ ಹಾಗೆ ಕಂಡರೆ, ಅಷ್ಟು ಉಕ್ಕು ಸವೆದಿದೆ ಅಂತ ಲೆಕ್ಕ. ಆಮೇಲೆ ಬಾಯಿಯನ್ನು ಗಾಜಿನ ಮೇಲೋ ಫೋನಿನ ಅಂಚಿಗೋ ತಾಗಿಸಿ ಹಿಡಿಯಿರಿ. ನಡುವೆ ಬೆಳಕು ಕಂಡರೆ ಬಾಯಿ ಒಳಕ್ಕೆ ಬಾಗಿದೆ. ಲ್ಯಾಂಬ್ಸ್‌ಫುಟ್‌ಗೆ ನೇರ ಬಾಯಿಯೇ ಜೀವ, ಅದು ಹೋದ ಮೇಲೆ ಏನು ಉಳಿಯಿತು?

ಬಿಚ್ಚಿ, ಮಡಚಿ, ಕೇಳಿಸಿಕೊಳ್ಳಿ. ಒಳ್ಳೆ ಸ್ಪ್ರಿಂಗ್ ಕೊನೆಯಲ್ಲಿ 'ಟಕ್' ಅನ್ನುತ್ತದೆ, ಕಿವಿಗೆ ಖುಷಿ ಕೊಡುವ ಸದ್ದು ಅದು. ಸದ್ದು ಮೆತ್ತಗಿದ್ದರೆ ಬರೀ ಕೊಳೆ ಇರಬಹುದು, ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ಆದರೆ ಬಿಚ್ಚಿದ ಅಲಗು ಅತ್ತಿತ್ತ ಅಲ್ಲಾಡಿದರೆ ಬಿಟ್ಟುಬಿಡಿ. ಮಡಚಿದಾಗ ತುದಿ ಹಿಡಿಯಿಂದ ಮೇಲೆ ಎದ್ದು ನಿಂತರೂ ಬೇಡ, ಜೇಬು ಹರಿಯುತ್ತದೆ, ಬೆರಳೂ ಹರಿಯುತ್ತದೆ.

ಅಲಗಿನ ಬುಡದಲ್ಲಿ ಮುದ್ರೆ ಇರುತ್ತದೆ. 1890ರ ಅಮೆರಿಕದ ಸುಂಕ ಕಾಯ್ದೆಯಿಂದಾಗಿ ಮರುವರ್ಷದಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಹಾಕಲೇಬೇಕಾಯಿತು. ಆದ್ದರಿಂದ 'ಇಂಗ್ಲೆಂಡ್' ಅಂತ ಇದ್ದರೆ ಬಹುಪಾಲು ಆಮೇಲಿನದು. ಜೋಸೆಫ್ ರಾಜರ್ಸ್, ಜಾರ್ಜ್ ವೊಸ್ಟೆನ್‌ಹೋಮ್ ಥರದ ದೊಡ್ಡ ಹೆಸರು ಕಂಡ ಕೂಡಲೇ ಹಳೆಯದು ಅಂದುಕೊಳ್ಳಬೇಡಿ. ಆ ಹೆಸರುಗಳನ್ನು ಶೆಫೀಲ್ಡ್‌ನದೇ ಬೇರೆ ಕಂಪನಿ ಕೊಂಡು ಈಗಲೂ ಚಾಕು ಮಾಡುತ್ತಿದೆ. ಅವು ನಕಲಿಯಲ್ಲ, ಆದರೆ ಹಳೆ ಕಾರ್ಖಾನೆಯವೂ ಅಲ್ಲ. ಬೆಲೆ ಹೇಳುವಾಗ ಈ ವ್ಯತ್ಯಾಸ ನಿಮಗೆ ಗೊತ್ತಿರಬೇಕು.

ಎಸ್ಟೇಟಿನಲ್ಲಿ ಕೆಲಸಕ್ಕಿದ್ದ ನಮ್ಮ ತಾತನಿಗೆ ಇಂಗ್ಲಿಷ್ ದೊರೆ ಕೊಟ್ಟ ಚಾಕು ಇದೆ. ಹಿಡಿ ಕಡವೆ ಕೊಂಬಿನದು ಅಂತಾರೆ. ಮಾರಬಹುದಾ?
– ಓದುಗರು, ಚಿಕ್ಕಮಗಳೂರು

ಕಡವೆಯದೇ ಆಗಿದ್ದರೆ ಮಾರುವಂತಿಲ್ಲ, ಅಂಚೆಯಲ್ಲಿ ಎಲ್ಲಿಗೂ ಕಳಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಂಬಿಗೂ ಅನ್ವಯಿಸುತ್ತದೆ. ತಾತನ ಕಾಲದ್ದು, ಕಾಡಿನಲ್ಲಿ ಉದುರಿದ್ದು ಅನ್ನುವ ಮಾತು ನಿಲ್ಲುವುದಿಲ್ಲ. ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ಕಾಗದಪತ್ರದ ಬಗ್ಗೆ ಮೊದಲು ಕೇಳಿ. ಶೆಫೀಲ್ಡ್‌ನವರಿಗೆ ಒಂದು ಕಾಲಕ್ಕೆ ಈ ಕೊಂಬು ಹೋಗುತ್ತಿದ್ದದ್ದೇ ಭಾರತದಿಂದ, ಹಾಗಾಗಿ ನಿಮ್ಮದು ಅಲ್ಲಿಗೆ ಹೋಗಿ ತಿರುಗಿ ಊರಿಗೆ ಬಂದ ಕೊಂಬೂ ಆಗಿರಬಹುದು.

ಆದರೆ ಮೊದಲು ಪರೀಕ್ಷೆ ಮಾಡಿ. ಎಷ್ಟೋ ಸಲ ಅದು ಕೊಂಬೇ ಆಗಿರುವುದಿಲ್ಲ, ದನದ ಎಲುಬಿಗೆ ಗೀರು ಹೊಡೆದು ಬಣ್ಣ ಹಾಕಿದ್ದು. ಭೂತಕನ್ನಡಿ ಹಿಡಿಯಿರಿ. ಕೊಂಬಿನ ಗೀರುಗಳು ಮರದ ತೊಗಟೆಯ ಹಾಗೆ ಉದ್ದಕ್ಕೆ, ಒಂದರಂತೆ ಒಂದಿಲ್ಲದೆ ಓಡುತ್ತವೆ. ಎಲುಬಿನ ಮೇಲಿನ ಗೀರು ಒಂದೇ ಅಳತೆ, ಒಂದೇ ಅಂತರ. ನಯವಾದ ಕಡೆ ಎಲುಬಿನ ಸಣ್ಣ ಕಪ್ಪು ಚುಕ್ಕೆ, ಗೆರೆಗಳೂ ಕಾಣುತ್ತವೆ.

ಕಾಲೇಜು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಸಂಗ್ರಹ ಶುರು ಮಾಡಬೇಕು. ಎಷ್ಟು ಚಾಕು ಇದ್ದರೆ ಸಂಗ್ರಹ ಅನ್ನಬಹುದು?
– ಓದುಗರು, ಧಾರವಾಡ

ಒಂದು. ಒಂದೇ ಕೊಳ್ಳಿ, ಒಂದು ವರ್ಷ ಅದನ್ನೇ ಬಳಸಿ. ಹಣ್ಣು ಹೆಚ್ಚಿ, ದಾರ ಕತ್ತರಿಸಿ, ನೀವೇ ಮಸೆಯಿರಿ. ಆಗ ನಿಮ್ಮ ಕೈಗೆ ಯಾವ ಉದ್ದ, ಯಾವ ಬಿಗಿ ಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಎರಡನೆಯದನ್ನು ಆ ತಿಳಿವಳಿಕೆಯಿಂದ ಕೊಳ್ಳಿ. ಶುರುವಿನಲ್ಲೇ ಹತ್ತು ಕೊಂಡು ಡಬ್ಬಿಯಲ್ಲಿ ಇಟ್ಟವರು ಕೊನೆಗೆ ಹತ್ತರಲ್ಲಿ ಒಂದನ್ನೂ ಅರಿಯದೆ ಉಳಿದದ್ದನ್ನು ನೋಡಿದ್ದೇನೆ, ಬೇಜಾರಾಗುತ್ತದೆ. 1947ರಿಂದ ಶೆಫೀಲ್ಡ್‌ನಲ್ಲಿರುವ ಆರ್ಥರ್ ರೈಟ್ ಅಂಡ್ ಸನ್ ಅವರ ರೋಸ್‌ವುಡ್ ಹಿಡಿಯ ಲ್ಯಾಂಬ್ಸ್‌ಫುಟ್ ಶುರುವಿಗೆ ಒಳ್ಳೆಯದು. ಅಲ್ಲಲ್ಲಿ ಒರಟು ಇರುತ್ತದೆ, ಸ್ಪ್ರಿಂಗಿಗೂ ಹಿಡಿಯ ಒಳಮಗ್ಗುಲಿನ ಹಿತ್ತಾಳೆ ತಗಡಿಗೂ ನಡುವೆ ಕೂದಲೆಳೆಯ ಸಂದಿ ಕಾಣಬಹುದು. ಕೈಯಿಂದ ಜೋಡಿಸಿದ್ದು, ಅದನ್ನು ಕೊರತೆ ಅನ್ನಬೇಡಿ.

ಇಡುವುದರಲ್ಲಿ ಎರಡು ಎಚ್ಚರಿಕೆ. ನಾನು ಒಂದು ಮಳೆಗಾಲ ಪೂರ್ತಿ ನನ್ನ ಮೆಚ್ಚಿನ ಚಾಕುವನ್ನು ಚರ್ಮದ ಚೀಲದಲ್ಲೇ ಬಿಟ್ಟಿದ್ದೆ. ತೆಗೆದಾಗ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು, ಅಲಗಿನ ತುಂಬ ತೂತು ಬಿದ್ದ ಹಾಗೆ ತುಕ್ಕಿನ ಕಲೆಗಳಾಗಿದ್ದವು. ಚರ್ಮ ತೇವ ಹಿಡಿದಿಡುತ್ತದೆ. ಜೇಬಿಗೆ ಚರ್ಮದ ಚೀಲ ಇರಲಿ, ಬೀರುವಿಗೆ ಹತ್ತಿ ಬಟ್ಟೆ ಸಾಕು. ಇನ್ನು ಸೆಲ್ಯುಲಾಯ್ಡ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್ ಹಿಡಿಯ ಚಾಕು ಸಿಕ್ಕರೆ ಅದನ್ನು ಬೇರೆಯೇ ಇಡಿ. ಆ ವಸ್ತು ಹಳತಾದ ಮೇಲೆ ಆಮ್ಲದ ಆವಿ ಬಿಡುತ್ತದೆ, ಪಕ್ಕದಲ್ಲಿರುವ ಚಾಕುಗಳೂ ತುಕ್ಕು ಹಿಡಿಯುತ್ತವೆ. ಕರ್ಪೂರದ ಘಾಟು ಜೋರಾಗಿ ಬಂದರೆ ಅದು ಕೆಡೋಕೆ ಶುರುವಾಗಿದೆ ಅಂತ ತಿಳಿಯಿರಿ.

ಅಪ್ಪ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಲ್ಯಾಂಬ್ಸ್‌ಫುಟ್ ಕೊಡಬೇಕು ಅಂತಿದ್ದೇನೆ. ಚಾಕು ಕೊಟ್ಟರೆ ಸಂಬಂಧ ಕಡಿಯುತ್ತೆ ಅಂತ ಅಮ್ಮ ಬೇಡ ಅಂತಿದ್ದಾರೆ.
– ಓದುಗರು, ಮೈಸೂರು

ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಇದೇ ನಂಬಿಕೆ ಇಂಗ್ಲೆಂಡಿನಲ್ಲೂ ಇದೆ, ಅಲ್ಲಿ ಅದಕ್ಕೆ ಪರಿಹಾರವೂ ಇದೆ. ಚಾಕು ಇಸಕೊಂಡವರು ಕೊಟ್ಟವರ ಕೈಗೆ ಒಂದು ನಾಣ್ಯ ಇಡುತ್ತಾರೆ. ಆಗ ಅದು ಉಡುಗೊರೆಯಲ್ಲ, ವ್ಯಾಪಾರ. ನನ್ನ ಮೊದಲ ಲ್ಯಾಂಬ್ಸ್‌ಫುಟ್ ಕೊಟ್ಟವರು ಶೆಫೀಲ್ಡ್‌ನ ನನ್ನ ಬಾಡಿಗೆ ಮನೆಯ ಯಜಮಾನರು. ನಾನು ಜೇಬು ತಡಕಿ ಒಂದು ಪೆನ್ನಿ ಹುಡುಕಿ ಕೊಡುವವರೆಗೂ ಆ ಹಿರಿಯರು ಚಾಕುವನ್ನು ಕೈಯಿಂದ ಬಿಟ್ಟಿರಲಿಲ್ಲ. ಅಪ್ಪನ ಹತ್ತಿರ ಒಂದು ರೂಪಾಯಿ ಇಸಕೊಳ್ಳಿ, ಅಮ್ಮನ ಎದುರಿಗೇ.