ಶ್ರೀಗಂಧದ ಬೀಜ ಮೊಳೆತಿಲ್ಲ ಅಂದಿರಲ್ಲ, ಅದಕ್ಕೆ
ಸರ್, ಮರದಿಂದ ಆಗಷ್ಟೇ ಕಿತ್ತ ಶ್ರೀಗಂಧದ ಬೀಜ ಹಾಕಿ 20 ದಿನ ಆಯ್ತು, ಒಂದೂ ಮೊಳೆತಿಲ್ಲ, ಬೀಜ ಕೆಟ್ಟದ್ದಾ ಅಂತ ಕೇಳಿದ್ದೀರಿ. ದಯವಿಟ್ಟು ಮಡಿ ಕೆದರಬೇಡಿ. ಹೊಸ ಬೀಜ ಸುಮಾರು 2 ತಿಂಗಳು ಸುಮ್ನೆ ಮಲಗಿರುತ್ತದೆ.

ಉಳಿದ ಬೀಜ ಇದ್ದರೆ ನಾಲ್ಕೈದು ಒಡೆದು ನೋಡಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದು, ಬೆರಳಿಗೆ ಎಣ್ಣೆ ಜಿಡ್ಡು ಹತ್ತಿದರೆ ಒಳ್ಳೆಯದು. ಕಂದಿ ಮುದುಡಿದ್ದರೆ ಬಿಟ್ಟುಬಿಡಿ. ಮುಂದಿನ ಸಲ ಜಿಬ್ಬರೆಲಿಕ್ ಆಮ್ಲ (ಬೀಜ ಮೊಳೆಯಲು ನೆರವಾಗುವ ಸಸ್ಯ ಹಾರ್ಮೋನಿನ ಪುಡಿ) ಲೀಟರ್ ನೀರಿಗೆ ಅರ್ಧ ಗ್ರಾಂ ಹಾಕಿ, ಅದರಲ್ಲಿ ಬೀಜ ಒಂದು ರಾತ್ರಿ ನೆನೆಸಿ. ಪುಡಿ ನೇರವಾಗಿ ನೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ.

ನಮ್ಮ ಕೊಪ್ಪಳದ ಬಿಸಿಲಿಗೆ ನೆರಳುಬಲೆ ಬೇಕೇ ಬೇಕು. ನೀರು ಜಾಸ್ತಿ ನಿಂತರೆ ಕೊಳೆಯುತ್ತದೆ. ಸಸಿ ಎದ್ದಮೇಲೆ ಪಕ್ಕದಲ್ಲೇ ತೊಗರಿ ಹಾಕಿ. ಗಂಧ ಬೇರೆ ಗಿಡದ ಬೇರಿನಿಂದ ಆಹಾರ ಎಳೆಯುವ ಗಿಡ ಅಲ್ವಾ, ಒಂಟಿಯಾಗಿ ಬಿಟ್ಟರೆ ಸೊರಗುತ್ತದೆ.