ಕಪ್ಲಿಂಗ್ ಹೊಸದು, ಆದರೂ ಕಾರು ಯಾಕೆ ನಡುಗುತ್ತೆ?

ಪ್ರಶ್ನೆ: ನಮ್ಮೂರು ಧಾರವಾಡ, ಕೆಲಸ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಬಹಳ ದಿನದ ಆಸೆ ತೀರಿಸಿಕೊಳ್ಳಲು 1986ರ ಮರ್ಸಿಡಿಸ್ 190 ಇ 2.3-16 ಕಾರು ಕೊಂಡೆ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿನಿಂದ ‘ಠಕ್’ ಅಂತ ಸದ್ದು ಬರುತ್ತಿತ್ತು. ಗೇರ್‌ಬಾಕ್ಸ್ ಹಿಂದಿರುವ ರಬ್ಬರ್ ಕಪ್ಲಿಂಗ್ ಹಾಳಾಗಿದೆ ಅಂದರು, ಹೊಸದು ಹಾಕಿಸಿದೆ. ಸದ್ದು ಕಡಿಮೆಯಾಯಿತು. ಆದರೆ ಈಗ ಗಂಟೆಗೆ 80 ಕಿ.ಮೀ. ದಾಟಿದರೆ ಸೀಟಿನ ಕೆಳಗೆ ನಡುಕ. ಇದು ಮೊದಲು ಇರಲಿಲ್ಲ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಪೂರ್ತಿ ಬದಲಾಯಿಸಿ ಅನ್ನುತ್ತಿದ್ದಾರೆ. ಬದಲಾಯಿಸಲೇ?

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಉತ್ತರ ಇದೆ ನೋಡಿ. ನಡುಕ ಮೊದಲು ಇರಲಿಲ್ಲ, ಕೆಲಸ ಆದ ಮೇಲೆ ಬಂತು. ಅಂದರೆ ಶಾಫ್ಟ್ ಕೆಟ್ಟಿರುವುದಕ್ಕಿಂತ ಅದನ್ನು ಸರಿಯಾಗಿ ಕೂರಿಸದೆ ಇರುವ ಸಾಧ್ಯತೆಯೇ ಜಾಸ್ತಿ.

ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ. ಅದೇ ವೇಗವನ್ನು ನಾಲ್ಕನೇ ಗೇರಿನಲ್ಲಿ ನೋಡಿ, ಐದರಲ್ಲೂ ನೋಡಿ. ಆಮೇಲೆ ನ್ಯೂಟ್ರಲ್ ಮಾಡಿ ಕಾರನ್ನು ಹಾಗೇ ಉರುಳಲು ಬಿಡಿ. ಮೂರು ಸಲವೂ ನಡುಕ ಒಂದೇ ತರಹ ಇದ್ದರೆ ಎಂಜಿನ್ ಮೇಲೆ ಅನುಮಾನ ಬೇಡ. ನ್ಯೂಟ್ರಲ್‌ನಲ್ಲಿಯೂ ಚಕ್ರಗಳು ಶಾಫ್ಟನ್ನು ತಿರುಗಿಸುತ್ತಲೇ ಇರುತ್ತವೆ ಅಲ್ವಾ? ಈ ಕಾರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಸುಮಾರು ಮೂರು ಸುತ್ತು ತಿರುಗುತ್ತದೆ. ಅದಕ್ಕೇ ಚಕ್ರದ ನಡುಕ ನಿಧಾನಕ್ಕೆ ಸ್ಟೇರಿಂಗಿಗೆ ಬಂದರೆ, ಶಾಫ್ಟಿನದು ಝುಂ ಅಂತ ಸೀಟಿಗೆ ಬರುತ್ತದೆ.

ಇನ್ನು ಕಾರನ್ನು ಲಿಫ್ಟಿಗೆ ಏರಿಸೋಣ. ನಿಮ್ಮ ಶಾಫ್ಟ್ ಒಂದೇ ಕಂಬಿ ಅಲ್ಲ, ಎರಡು ತುಂಡು. ಮುಂದೆ ಗೇರ್‌ಬಾಕ್ಸ್ ಹತ್ತಿರ ಒಂದು ರಬ್ಬರ್ ಕಪ್ಲಿಂಗ್, ಹಿಂದೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹತ್ತಿರ ಇನ್ನೊಂದು. ನಡುವೆ ರಬ್ಬರ್ ತೊಟ್ಟಿಲಲ್ಲಿ ಕೂತ ಸೆಂಟರ್ ಬೇರಿಂಗ್. ಅದರ ಪಕ್ಕದಲ್ಲಿ ಎರಡು ತುಂಡನ್ನೂ ಬಿಗಿ ಹಿಡಿಯುವ ದೊಡ್ಡ ಕ್ಲ್ಯಾಂಪ್ ನಟ್. ನನ್ನ ಮೊದಲ ಅನುಮಾನ ಈ ನಟ್ ಮೇಲೆಯೇ.

ಕಪ್ಲಿಂಗ್ ಬಿಚ್ಚುವ ಮೊದಲು ಈ ನಟ್ ಸಡಿಲ ಮಾಡಲೇಬೇಕು. ಸಡಿಲವಾದರೆ ಎರಡು ತುಂಡೂ ಒಂದರೊಳಗೊಂದು ಸ್ವಲ್ಪ ಜಾರುತ್ತವೆ, ಜಾಗ ಸಿಗುತ್ತದೆ. ಎಷ್ಟೋ ಕಡೆ ಇದನ್ನು ಮುಟ್ಟುವುದೇ ಇಲ್ಲ. ಎಕ್ಸಾಸ್ಟ್ ಇಳಿಸಿ, ಶಾಖ ತಡೆಯುವ ತಗಡು ಬಿಚ್ಚಿ ಅಲ್ಲಿಗೆ ಹೋಗಬೇಕು, ಎರಡು ದೊಡ್ಡ ಓಪನ್ ಸ್ಪ್ಯಾನರ್ ಬೇಕು. ಅಷ್ಟೆಲ್ಲ ಯಾಕೆ ಅಂತ ಸಬ್ಬಲ್‌ನಿಂದ ಮೀಟಿ, ಸಂದಿ ಮಾಡಿ, ಹೊಸ ಕಪ್ಲಿಂಗ್ ತುರುಕುತ್ತಾರೆ. ಆಗ ಕಪ್ಲಿಂಗ್ ಹಿಂದಕ್ಕೋ ಮುಂದಕ್ಕೋ ಎಳೆದುಕೊಂಡೇ ಕೂರುತ್ತದೆ. ಸೆಂಟರ್ ಬೇರಿಂಗಿನ ರಬ್ಬರ್ ಕೂಡ ಒಂದು ಕಡೆಗೆ ವಾಲುತ್ತದೆ. ಕಣ್ಣಿಗೆ ಎಲ್ಲ ಹೊಸದು, ಶಾಫ್ಟ್ ಮಾತ್ರ ನೆಮ್ಮದಿಯಾಗಿ ತಿರುಗುವುದಿಲ್ಲ.

ಈ ಕಪ್ಲಿಂಗನ್ನು ಸುಮ್ನೆ ಒಂದು ರಬ್ಬರ್ ಬಿಲ್ಲೆ ಅಂದುಕೊಳ್ಳಬೇಡಿ. ಹಳೆಯದನ್ನು ವರ್ಕ್‌ಶಾಪ್‌ನವರು ಎಸೆಯದೆ ಇಟ್ಟಿದ್ದರೆ ಕೇಳಿ ತನ್ನಿ, ಕೈಯಲ್ಲಿ ಹಿಡಿದು ಬಗ್ಗಿಸಿ. ಅದರಲ್ಲಿ ಆರು ಉಕ್ಕಿನ ಬುಷ್, ಅಂದರೆ ಬೋಲ್ಟ್ ತೂರುವ ಕೊಳವೆ ಇವೆ. ಬೋಲ್ಟ್‌ಗಳಲ್ಲಿ ಮೂರು ಶಾಫ್ಟಿಗೆ, ಮೂರು ಗೇರ್‌ಬಾಕ್ಸಿನ ಫ್ಲೇಂಜಿಗೆ (ಬೋಲ್ಟ್ ಹಾಕುವ ತಟ್ಟೆಗೆ), ಒಂದು ಬಿಟ್ಟು ಒಂದು. ಅಕ್ಕಪಕ್ಕದ ಎರಡೆರಡು ಬುಷ್‌ಗೆ, ಮಗ್ಗಕ್ಕೆ ನೂಲು ಹಾಸಿದ ಹಾಗೆ, ಗಟ್ಟಿ ದಾರ ಸುತ್ತಿರುತ್ತಾರೆ. ಎಂಜಿನ್ನಿನ ಎಳೆತ ತಡೆಯುವುದು ಆ ದಾರ. ರಬ್ಬರಿನ ಕೆಲಸ ದಾರವನ್ನು ಜಾಗದಲ್ಲಿ ಹಿಡಿದು, ಹೊಡೆತವನ್ನು ಮೆತ್ತಗೆ ಮಾಡುವುದು. ಬುಷ್ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಬಗ್ಗಿಸಿದಾಗ ಅದು ಬಾಯಿ ಬಿಡುತ್ತದೆ. ಒಳಗಿನಿಂದ ದಾರ ಇಣುಕಿದರೆ ಅದರ ಕಥೆ ಮುಗಿದಂತೆ.

ಈಗ ಕೆಲಸದ ಕ್ರಮ. ಇಲ್ಲಿ ಅವಸರ ಮಾಡುವವರ ಕೈಗೆ ಕಾರು ಕೊಡಬೇಡಿ.

ಬಿಚ್ಚುವ ಮೊದಲು ಫ್ಲೇಂಜ್‌ಗಳ ಮೇಲೆ, ಶಾಫ್ಟಿನ ಎರಡೂ ತುಂಡಿನ ಮೇಲೆ ಬಣ್ಣದಿಂದ ಗುರುತು ಹಾಕಿಸಿ. ಎರಡೂ ತುಂಡನ್ನು ಫ್ಯಾಕ್ಟರಿಯಲ್ಲಿ ಒಟ್ಟಿಗೆ ಬ್ಯಾಲೆನ್ಸ್ ಮಾಡಿರುತ್ತಾರೆ. ಕಳಚಿ ಮತ್ತೆ ಜೋಡಿಸುವಾಗ ಎರಡು ತುಂಡು ಕಚ್ಚಿಕೊಳ್ಳುವ ಸ್ಪ್ಲೈನಿನ ಒಂದು ಹಲ್ಲು ತಪ್ಪಿದರೂ ನಿಮ್ಮ ಈಗಿನ ನಡುಕವೇ ಬರುತ್ತದೆ. ನನ್ನ ಎರಡನೇ ಅನುಮಾನ ಇದು. ಹಳೆಯ ಗುರುತು ಇದೆಯಾ ಅಂತ ಟಾರ್ಚ್ ಹಿಡಿದು ಹುಡುಕಿಸಿ. ಇಲ್ಲದಿದ್ದರೆ ಶಾಫ್ಟ್ ಬ್ಯಾಲೆನ್ಸ್ ಮಾಡುವವರ ಹತ್ತಿರ ಒಯ್ಯಿರಿ. ಹೊಸ ಶಾಫ್ಟ್ ಕೊಳ್ಳುವುದಕ್ಕಿಂತ ಅದು ಬಹಳ ಅಗ್ಗ.

ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ ಬಿಚ್ಚುವಾಗ ಜಾಕ್ ಆಧಾರ ಇರಲಿ. ಆ ಪಟ್ಟಿಯ ಮೌಂಟ್ ಕುಸಿದಿದ್ದರೆ ಅದನ್ನೂ ಬದಲಾಯಿಸಿ. ಗೇರ್‌ಬಾಕ್ಸ್ ತಗ್ಗಿದರೆ ಶಾಫ್ಟಿನ ಕೋನ ಕೆಡುತ್ತದೆ, ಹೊಸ ಕಪ್ಲಿಂಗ್ ಬೇಗ ಸಾಯುತ್ತದೆ. ಹಿಂದಿನ ಕಪ್ಲಿಂಗ್, ಸೆಂಟರ್ ಬೇರಿಂಗ್, ಅದರ ರಬ್ಬರ್, ಶಾಫ್ಟಿನ ತುದಿಗಳಲ್ಲಿರುವ ಸೆಂಟರಿಂಗ್ ಬುಷ್ ಎಲ್ಲ ಈ ಸಲವೇ ಹೊಸದಾಗಲಿ. ಮುಂದಿನದನ್ನು ಮಾತ್ರ ಹಾಕಿ ಹಿಂದಿನದನ್ನು ಬಿಟ್ಟರೆ ಉಳಿದಿರುವ ‘ಠಕ್’ ಅಲ್ಲಿಂದ ಬರುತ್ತಿರಬಹುದು.

ಬಿಗಿ ಮಾಡುವಾಗ ಬೋಲ್ಟ್ ತಲೆ ತಿರುಗಿಸಬಾರದು. ಅದನ್ನು ಸ್ಪ್ಯಾನರಿನಲ್ಲಿ ಹಿಡಿದು ನಟ್ ಮಾತ್ರ ತಿರುಗಿಸಬೇಕು, ಇಲ್ಲದಿದ್ದರೆ ಬುಷ್ ಜತೆ ರಬ್ಬರೂ ತಿರುಚಿಕೊಳ್ಳುತ್ತದೆ. ಸೆಲ್ಫ್ ಲಾಕಿಂಗ್ ನಟ್ ಹೊಸದೇ ಆಗಬೇಕು. ಎರಡೂ ಕಪ್ಲಿಂಗಿನ ನಟ್ ಬಿಗಿಯಾದ ಮೇಲೂ ಸೆಂಟರ್ ಬೇರಿಂಗಿನ ಬೋಲ್ಟ್ ಸಡಿಲವಾಗಿಯೇ ಇರಲಿ. ಚಕ್ರ ನೆಲಕ್ಕೆ ತಾಗಿಸಿ ಕಾರನ್ನು ಕೈಯಲ್ಲೇ ಹಿಂದೆ ಮುಂದೆ ತಳ್ಳಿ. ಶಾಫ್ಟ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಸೆಂಟರ್ ಬೇರಿಂಗ್ ಬೋಲ್ಟ್ ಬಿಗಿ. ಎಲ್ಲಕ್ಕಿಂತ ಕೊನೆಗೆ ಆ ಕ್ಲ್ಯಾಂಪ್ ನಟ್, 30ರಿಂದ 40 ನ್ಯೂಟನ್ ಮೀಟರ್ ಸಾಕು. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ಸಾಮಾನು ಹಾಕಿದರೂ ವ್ಯರ್ಥ.

ನಿಮ್ಮ ಕಾರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1983ರ ಆಗಸ್ಟ್‌ನಲ್ಲಿ ಇಟಲಿಯ ನಾರ್ದೋ ಟ್ರ್ಯಾಕಿನಲ್ಲಿ ಈ ಮಾದರಿಯ ಕಾರು 50,000 ಕಿ.ಮೀ. ಓಡಿ ದಾಖಲೆ ಮಾಡಿತ್ತು, ಸರಾಸರಿ ಗಂಟೆಗೆ ಸುಮಾರು 248 ಕಿ.ಮೀ. ವೇಗದಲ್ಲಿ. ಮರುವರ್ಷ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಹೊಸ ಟ್ರ್ಯಾಕ್ ಉದ್ಘಾಟನೆಗೆ ಇದೇ ಕಾರುಗಳ ಓಟ ನಡೆದು ಆಯರ್ಟನ್ ಸೆನ್ನಾ ಗೆದ್ದರು. ಅಷ್ಟು ವೇಗ ತಡೆದ ಕಾರು 80ಕ್ಕೆ ನಡುಗುವುದು ಅದರ ಸ್ವಭಾವವಲ್ಲ. ಹಳೆಯ ಕಾರು ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮಲ್ಲಿ ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ವರ್ಕ್‌ಶಾಪ್‌ಗಳಿವೆ. ತಿಳಿದ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ, ಆ ನಟ್ ಸಡಿಲಿಸಿ, ಈ ಕ್ರಮದಲ್ಲಿ ಮತ್ತೆ ಕೂರಿಸಿ ನೋಡಿ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ತಂದೆಯವರ 1996ರ ಮರ್ಸಿಡಿಸ್ ಇ 220 ಇದೆ, ಡಬ್ಲ್ಯು 124 ಮಾದರಿ. ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಓಡದ ಕಾರಿಗೂ ಕಪ್ಲಿಂಗ್ ಬದಲಾಯಿಸಬೇಕಾ?

ಉತ್ತರ: ಪರೀಕ್ಷೆ ಮಾಡಿಸಲೇಬೇಕು. ರಬ್ಬರಿಗೆ ಕಿಲೋಮೀಟರ್ ಅಷ್ಟೇ ಅಲ್ಲ, ವಯಸ್ಸೂ ಲೆಕ್ಕ. 1995ರಿಂದ ಪುಣೆಯಲ್ಲಿ ಜೋಡಿಸುತ್ತಿದ್ದ ಈ ಕಾರಿನ ಶಾಫ್ಟ್ ವ್ಯವಸ್ಥೆಯೂ ಮೇಲೆ ಹೇಳಿದಂಥದ್ದೇ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಪ್ಲಿಂಗ್ ಅಗ್ಗಕ್ಕೆ ಸಿಕ್ಕರೂ ಬೇಡ. ಅದಕ್ಕೂ ನಿಮ್ಮ ಹಳೆಯದಕ್ಕೂ ವ್ಯತ್ಯಾಸ ಇರುವುದಿಲ್ಲ.

ಪ್ರಶ್ನೆ: ಮೂಡಿಗೆರೆ ತೋಟದ ಮಹೀಂದ್ರ ಜೀಪಿನಲ್ಲಿ ರಬ್ಬರ್ ಕಪ್ಲಿಂಗೇ ಇಲ್ಲವಲ್ಲ, ಯಾಕೆ?

ಉತ್ತರ: ಜೀಪಿನಲ್ಲಿ ಡಿಫರೆನ್ಷಿಯಲ್ ಇರುವ ಹಿಂದಿನ ಹೌಸಿಂಗ್ ಲೀಫ್ ಸ್ಪ್ರಿಂಗ್ ಮೇಲೆ ಏರಿಳಿಯುತ್ತದೆ. ಶಾಫ್ಟಿನ ಕೋನ ಪ್ರತಿ ಹಳ್ಳಕ್ಕೂ ಬದಲಾಗುತ್ತದೆ. ಅಷ್ಟು ಬಗ್ಗಲು ರಬ್ಬರಿಗೆ ಆಗುವುದಿಲ್ಲ, ಅಲ್ಲಿಗೆ ಉಕ್ಕಿನ ಯು.ಜೆ. (ಯೂನಿವರ್ಸಲ್ ಜಾಯಿಂಟ್) ಕ್ರಾಸೇ ಸರಿ. ಮೇಲೆ ಹೇಳಿದ ಮರ್ಸಿಡಿಸ್ 190ರಲ್ಲಿ ಡಿಫರೆನ್ಷಿಯಲ್ ಚಕ್ರದ ಜತೆ ಏರಿಳಿಯದೆ ಕಾರಿನ ಮೈಗೇ ಕೂತಿರುತ್ತದೆ, ಅದಕ್ಕೆ ರಬ್ಬರ್ ನಡೆಯುತ್ತದೆ. ಗ್ರೀಸ್ ಹೊಡೆಯುವಾಗ ಕ್ರಾಸಿನ ನಾಲ್ಕೂ ಕಪ್‌ನಿಂದ ಹಳೆಯ ಗ್ರೀಸ್ ಹೊರಗೆ ಬರಬೇಕು. ಒಂದರಿಂದ ಬಾರದಿದ್ದರೆ, ಅಥವಾ ತುಕ್ಕಿನ ಬಣ್ಣದ್ದು ಬಂದರೆ, ಮಳೆಗಾಲಕ್ಕೆ ಮೊದಲೇ ಆ ಕ್ರಾಸ್ ಬದಲಾಯಿಸಿ.